ಅಡ್ಡಗಲ್ಲು

ನಮ್ಮ ಹಿಲ್‌ಮನ್‌ಗೆ ಕೈಬ್ರೇಕು ಹಿಡಿಯುವುದಿಲ್ಲ.
ಹಿಡಿದದ್ದೂ ಇಲ್ಲ, ನಾನು ಈ ಮನೆಗೆ ಬಂದಾಗಿನಿಂದ.
ಮೆಕ್ಯಾನಿಕ್ ಖಲಂದರ್ ಸಾಹೇಬರು ಮೂರು ಸಲ ಬಿಚ್ಚಿ, ಮೂರು ಸಲ ಕಟ್ಟಿ,
"ಅಮ್ಮಾ, ಇದಕ್ಕೆ ಬ್ರೇಕು ನೀವೇ" ಅಂದುಬಿಟ್ಟರು.

ಅಂದಿನಿಂದ ನನ್ನ ಕಾಲ ಬಳಿ ಒಂದು ಕಲ್ಲು,
ಯಾದವಗಿರಿಯ ಮನೆಯ ಪಾಯಕ್ಕೆ ತಂದು ಮಿಕ್ಕಿದ್ದು,
ಒಂದು ಮಗ್ಗುಲು ಚಪ್ಪಟೆ, ಒಂದು ಮಗ್ಗುಲು ಚೂಪು,
ಗೋಣಿತಾಟಿನಲ್ಲಿ ಕೂಸಿನ ಹಾಗೆ ಸುತ್ತಿದ್ದು.
ಗಾಡಿ ಪೂರ್ತಿ ನಿಲ್ಲುವ ಮೊದಲೇ ನಾನು ಇಳಿಯಬೇಕು,
ಸೆರಗು ಸಿಕ್ಕಿಸಿ, ಬಗ್ಗಿ, ಹಿಂದಿನ ಚಕ್ರಕ್ಕೆ ಒತ್ತಿ
"ಹ್ಞೂಂ" ಅನ್ನಬೇಕು.
ಆ ಹ್ಞೂಂ ಕೇಳಿದ ಮೇಲೇ ಇವರು ಕಾಲು ತೆಗೆಯುವುದು.
ಮೂವತ್ತೊಂದು ವರ್ಷದ ಸಂಸಾರದಲ್ಲಿ
ನನ್ನ ಮಾತಿಗೆ ಇವರು ಇಷ್ಟು ಕಾದದ್ದು ಬೇರೆಲ್ಲೂ ಇಲ್ಲ.

ಭಾನುವಾರ ಕ್ಲಬ್ಬಿನ ಹದಿನಾಲ್ಕು ಗಾಡಿ ಮಂಡ್ಯಕ್ಕೆ ಹೊರಟವು,
ಆಸ್ಪತ್ರೆಗೊಂದು ಡಯಾಲಿಸಿಸ್ ಯಂತ್ರ ಕೊಡಿಸುವ ಪ್ರದರ್ಶನಕ್ಕೆ.
ಮುಂದೆ ಮುದ್ದಯ್ಯನವರ ಆಸ್ಟಿನ್, ಬೆಣ್ಣೆ ಬಣ್ಣ,
ನಡುವೆ ಗೋಪಾಲರಾಜೇ ಅರಸ್ ಅವರ ಬ್ಯೂಯಿಕ್, ಅರ್ಧ ರಸ್ತೆ ಅದಕ್ಕೇ,
ಕೊನೆಯಲ್ಲಿ ನಾವು, ಹೊಗೆ ಯಾರಿಗೂ ತಾಗಬಾರದೆಂದು.
ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ರೇಡಿಯೇಟರಿಗೆ ಬಾಯಾರಿತು.
ಹಳೇ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರೊಂದು
ತೇಕುತ್ತಲೇ ನಮ್ಮನ್ನು ಹಿಂದೆ ಹಾಕಿತು.
ಹೊರೆಯ ಮೇಲೆ ಮಲಗಿದ್ದ ಹುಡುಗ
ಎರಡು ಜಲ್ಲೆ ಎಸೆದು ಹೋದ,
ಅಯ್ಯೋ ಪಾಪ ಅಂತಲೋ ಏನೋ.

ತಡವಾಗಿ ಬಂದವರಿಗೆ ಉಳಿದಿದ್ದು
ಸ್ಟೇಡಿಯಂ ಗೇಟಿನ ಇಳಿಜಾರು, ದೇಣಿಗೆ ಮೇಜಿನ ಪಕ್ಕ.
ಕಲ್ಲು ಇಟ್ಟೆ. ಹ್ಞೂಂ ಅಂದೆ.
ಬಾನೆಟ್ಟಿಗೆ ಸೇವಂತಿಗೆ ಹಾರ ಹಾಕಿ, ಕುಂಕುಮ ಇಟ್ಟು,
ಬೆರಳಲ್ಲಿ ಉಳಿದದ್ದನ್ನು ಹೊಸ ಸೀರೆಗೆ ಒರೆಸಲು ಮನಸ್ಸಾಗದೆ
ಕಲ್ಲಿಗೆ ಒರೆಸಿದೆ.
ಅಷ್ಟೇ ನಾನು ಮಾಡಿದ ತಪ್ಪು.

ತೀರ್ಪುಗಾರರು ಬಂದರು, ಪಟ್ಟಿ ಹಿಡಿದು:
ಹಾರ್ನು ಆ ಕಾಲದ್ದೇ? ದೀಪದ ಗಾಜು? ಸೀಟಿನ ಬಟ್ಟೆ?
ಇವರು ಒಂದೊಂದಕ್ಕೂ ಬೆವರು ಒರೆಸಿಕೊಂಡು ಉತ್ತರಿಸುತ್ತಿದ್ದರೆ
ಎರಡು ಜಡೆಯ ಹುಡುಗಿಯೊಬ್ಬಳು ಕುಕ್ಕರುಗಾಲಲ್ಲಿ ಕೂತು
"ಆಂಟಿ, ಈ ಕಲ್ಲು ಯಾವ ಇಸ್ವಿದು?" ಅಂದಳು.
ಗೊತ್ತಿಲ್ಲ ಪುಟ್ಟಿ, ಅಂದೆ.
ಹದಿನಾಲ್ಕು ಗಾಡಿಯ ವಯಸ್ಸು ಕೂಡಿಸಿದರೂ
ಅದರ ಒಂದು ನಿದ್ದೆಗೆ ಸಾಲುವುದಿಲ್ಲ
ಅನ್ನಬಹುದಿತ್ತು. ಅವಳು ಹೋದ ಮೇಲೆ ಹೊಳೆಯಿತು.

ಊಟ ಮುಗಿಸಿ ಬರುವಷ್ಟರಲ್ಲಿ ಕಲ್ಲಿನ ಮೇಲೆ ನಾಣ್ಯಗಳು,
ಒಂದು ಸೇವಂತಿಗೆ, ಉದುರಿದ್ದೋ ಇಟ್ಟದ್ದೋ.
ಮುದುಕನೊಬ್ಬ ಚಪ್ಪಲಿ ಬಿಟ್ಟು ನಿಂತಿದ್ದ.
"ಯಾವ ದ್ಯಾವ್ರವ್ವಾ ಇದು?"
ಬಾಯಿ ತೆರೆದೆ. ಮುಚ್ಚಿದೆ.
"ತಡೆಯೋ ದೇವರು" ಅಂದೆ.
ಅವನು ಐದರ ಬಿಲ್ಲೆ ಇಟ್ಟು, ಕೈಮುಗಿದು,
"ನಮ್ ಹೈದ ಬೈಕ್ನ ಸ್ಯಾನೆ ಜೋರಾಗ್ ಓಡುಸ್ತಾನೆ ಕಣವ್ವ,
ಒಸಿ ನೋಡ್ಕೊಳ್ಳಕ್ ಹೇಳು" ಅಂದ.
ಹೇಳಿದೆ, ಅವನ ಎದುರಿಗೇ.

ಆಸ್ಟಿನ್ನಿಗೆ ಮೊದಲ ಕಪ್ಪು. ನಮಗೇನೂ ಇಲ್ಲ,
ವೈಪರು ಮಾರುತಿಯದೆಂದು ಸಿಕ್ಕಿಬಿದ್ದಿತ್ತು.
ಇವರು ಮುಖ ಊದಿಸಿಕೊಂಡು ಸ್ಟೇರಿಂಗ್ ಹಿಡಿದು ಕೂತರು,
ಹೊರಡುವುದಕ್ಕೆಂದು ನಾನು ಕಲ್ಲನ್ನು ಎತ್ತಿಕೊಂಡೆ,
ನಾಣ್ಯ ಎಣಿಸಿದೆ: ನೂರ ಎಂಬತ್ತೇಳು.
ಮೇಜಿನ ಹುಡುಗ ರಸೀದಿ ಪುಸ್ತಕ ತೆರೆದ.
"ಯಾರ ಹೆಸರಿಗೆ ಬರೀಲಿ ಮೇಡಂ?"
"ಕಲ್ಲಪ್ಪ, ಯಾದವಗಿರಿ."
"ನಿಮ್ಮ ಮನೆಯವರಾ?"
"ಹ್ಞೂಂ" ಅಂದೆ,
ಸ್ವಲ್ಪ ಜೋರಾಗಿಯೇ.

ಅದು ಕೇಳಿ ಇವರು,
ಮೂವತ್ತೊಂದು ವರ್ಷದ ಅಭ್ಯಾಸ ನೋಡಿ,
ಬ್ರೇಕಿನ ಮೇಲಿನ ಕಾಲು ತೆಗೆದರು.

ಕಲ್ಲು ನನ್ನ ಕಂಕುಳಲ್ಲಿತ್ತು.